ಡ್ರೈವಿಂಗ್ ಮೇಷ್ಟ್ರು ಆಟಕ್ಕೆ ಕೂತದ್ದು

ಕಡೂರಿನಲ್ಲಿ ನಾನು ಡ್ರೈವಿಂಗ್ ಶಾಲೆ ನಡೆಸುತ್ತೇನೆ. ಶಾಲೆ ಎಂದರೆ ಒಂದು ಬಿಳಿ ಕಾರು, ಅದರ ನೆತ್ತಿಯ ಮೇಲೆ ಕೆಂಪು ‘ಎಲ್’ ಬೋರ್ಡು, ಎಡಗಡೆ ಸೀಟಿನಲ್ಲಿ ನಾನು. ನನ್ನ ಕಾಲ ಬುಡದಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇವೆ. ಇಪ್ಪತ್ತಾರು ವರ್ಷಗಳಿಂದ ಊರಿನ ಜನಕ್ಕೆ ಕಾರು ಕಲಿಸುತ್ತ ಬಂದಿದ್ದೇನೆ. ಇಷ್ಟು ವರ್ಷದಲ್ಲಿ ಒಂದು ಕೋಳಿಗೂ ನಮ್ಮ ಕಾರಿನಿಂದ ತೊಂದರೆಯಾಗಿಲ್ಲ ಎಂಬುದು ನನ್ನ ಹೆಮ್ಮೆ.

ಅಂಥ ನಾನು ಹೋದ ವರ್ಷ ಮನೆಯ ಮುಂದಿನ ಮೂರು ಮೆಟ್ಟಿಲನ್ನು ಪೇಪರ್ ಓದುತ್ತ ಇಳಿಯಲು ಹೋಗಿ, ಎರಡನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು, ಬಲಗೈ ಮಣಿಕಟ್ಟು ಮುರಿದುಕೊಂಡೆ. ಪ್ಲಾಸ್ಟರ್ ಹಾಕಿಸಿಕೊಂಡು ಬೀದಿಗೆ ಬಂದರೆ ಊರಿಗೆ ಊರೇ ಒಂದು ತೀರ್ಮಾನಕ್ಕೆ ಬಂದಾಗಿತ್ತು.

“ಯಾರ್ ಮೇಷ್ಟ್ರೇ ಆವತ್ತು ಓಡಿಸ್ತಿದ್ದಿದ್ದು?” ಎಂದು ಹಾಲಿನ ಅಂಗಡಿಯವರು ಕೇಳಿದರು.

“ಹೋಗ್ಲಿ ಬಿಡಿ, ಹೊಸಬರು” ಎಂದೆ. ನಿಜ ಹೇಳಬಹುದಿತ್ತು. ಆದರೆ ಪೇಪರ್ ಓದುತ್ತ ಬಿದ್ದ ಎನ್ನುವುದಕ್ಕಿಂತ ಕರ್ತವ್ಯದಲ್ಲಿ ಕೈ ಮುರಿದುಕೊಂಡ ಎನ್ನುವುದು ಕೇಳಲು ಚೆನ್ನಾಗಿತ್ತು. ಒಂದು ವಾರ ಆ ಗೌರವವನ್ನು ಅನುಭವಿಸಿದೆ. ಆಮೇಲೆ ನನ್ನ ಹೆಂಡತಿ, ಬ್ಲೌಸ್ ಹೊಲಿಸಲು ಬಂದ ಒಬ್ಬರ ಮುಂದೆ ಮೆಟ್ಟಿಲಿನ ಕಥೆ ಹೇಳಿಬಿಟ್ಟಳು. ಅವಳು ಟೈಲರ್. ಅವಳಿಗೆ ಒಂದು ವಿಷಯ ಗೊತ್ತಾದರೆ ಕಡೂರಿನ ಅರ್ಧ ಭಾಗಕ್ಕೆ ಗೊತ್ತಾದಂತೆ.

ಪ್ಲಾಸ್ಟರ್ ತೆಗೆದಾಗ ಬೆರಳುಗಳು ನನ್ನವಲ್ಲ ಎನ್ನುವ ಹಾಗಿದ್ದವು. ಲೋಟ ಹಿಡಿದರೆ ನಡುಗುತ್ತಿದ್ದವು, ಅಂಗಿಯ ಗುಂಡಿ ಹಾಕಲು ಒಪ್ಪುತ್ತಿರಲಿಲ್ಲ. ಫಿಸಿಯೋಥೆರಪಿಯ ಡಾಕ್ಟರಮ್ಮ ಒಂದು ಹಳದಿ ರಬ್ಬರ್ ಚೆಂಡು ಕೊಟ್ಟು, ದಿನಕ್ಕೆ ನೂರು ಸಲ ಹಿಸುಕಬೇಕು, ಎರಡು ತಿಂಗಳು ಸ್ಟೀರಿಂಗ್ ಮುಟ್ಟಬಾರದು ಎಂದರು. ಚೆಂಡನ್ನು ಹದಿನೈದು ಸಲ ಹಿಸುಕುವಷ್ಟರಲ್ಲಿ ನನಗೆ ಜೀವನ ಬೇಸರವಾಗುತ್ತಿತ್ತು.

ಆ ಬೇಸರದಲ್ಲಿ ಒಂದು ದಿನ ತರೀಕೆರೆಗೆ ಹೋದೆ. ಅಲ್ಲಿ ನನ್ನ ಹಳೆಯ ಗೆಳೆಯ ಟಿವಿ, ಮಿಕ್ಸಿ ರಿಪೇರಿ ಅಂಗಡಿ ಇಟ್ಟಿದ್ದಾನೆ. ನನ್ನ ಮೊದಮೊದಲ ಶಿಷ್ಯರಲ್ಲಿ ಒಬ್ಬ. ಲೈಸೆನ್ಸ್ ಪರೀಕ್ಷೆಯಲ್ಲಿ ಮೂರು ಸಲ ಫೇಲಾಗಿ, ಕಾರಿನ ಆಸೆ ಬಿಟ್ಟು, ಸ್ನೇಹವನ್ನು ಮಾತ್ರ ಉಳಿಸಿಕೊಂಡವನು. ಮನೆಯಲ್ಲಿ ದಖನಿ ಉರ್ದು, ಗಿರಾಕಿಗಳ ಜೊತೆ ಕನ್ನಡ, ಬಿಚ್ಚಿಟ್ಟ ಟಿವಿಯ ಜೊತೆ ಎರಡೂ ಮಾತಾಡುತ್ತಾನೆ.

“ಅದೇನು ಕೈಲಿ ಚೆಂಡು?” ಎಂದ.

“ಬೆರಳು ಆಡ್ಲಿ ಅಂತ ಡಾಕ್ಟ್ರು ಕೊಟ್ಟಿದ್ದು.”

ಅವನು ಎದ್ದು ಒಳಗೆ ಹೋಗಿ, ಒಂದು ಕಪ್ಪು ಡಬ್ಬಿ, ವೈರು, ಎರಡು ಕಂಟ್ರೋಲರ್, ಒಂದು ಬಟ್ಟೆ ಚೀಲದ ತುಂಬ ಡಿಸ್ಕು ತಂದು ಮುಂದಿಟ್ಟ. ಯಾರೋ ರಿಪೇರಿಗೆ ಕೊಟ್ಟಿದ್ದ ವಿಡಿಯೋ ಗೇಮ್ ಕನ್ಸೋಲ್. ಅಷ್ಟರಲ್ಲಿ ಅವರು ಹೊಸದು ಕೊಂಡು, ಇದನ್ನು ನೀವೇ ಇಟ್ಟುಕೊಳ್ಳಿ ಎಂದಿದ್ದರಂತೆ.

“ಬೆರಳು ಆಡ್ಬೇಕು ಅಂದ್ರೆ ಇದು. ಹತ್ತೂ ಬೆರಳಿಗೆ ಕೆಲಸ” ಎಂದ.

“ಈ ವಯಸ್ಸಲ್ಲಿ ನಾನು ಗೇಮ್ ಆಡೋದೇನಪ್ಪಾ?”

“ನೀನ್ ಆಡ್ಬೇಡ ಕಣೋ. ನಿನ್ನ ಕೈ ಆಡ್ಲಿ.”

ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪ್ಯಾಸೆಂಜರ್ ರೈಲಿನಲ್ಲಿ ವಾಪಸ್ಸಾದೆ. ಪಕ್ಕದವರು “ಸೆಟಪ್ ಬಾಕ್ಸಾ?” ಎಂದು ಕೇಳಿದರು. ಹೌದು ಎಂದೆ. ಬೀರೂರು ದಾಟುವವರೆಗೆ ಅವರು ತಮ್ಮ ಮನೆಯ ಸೆಟಪ್ ಬಾಕ್ಸಿನ ಕಷ್ಟ ಹೇಳಿದರು. ನಾನು ತಜ್ಞನಂತೆ ತಲೆಯಾಡಿಸಿದೆ.

ಮೊದಲು ಹಾಕಿದ್ದು ಕಾರ್ ರೇಸ್. ಸಹಜವೇ. ಇಷ್ಟು ವರ್ಷದ ಅನುಭವ ಸುಮ್ಮನೆ ಹೋಗುತ್ತದೆಯೇ ಎಂದುಕೊಂಡೆ. ಎಂಟು ಕಾರುಗಳು ಸಾಲಾಗಿ ನಿಂತವು. ದೀಪ ಹಸಿರಾಯಿತು. ನಾನು ಅಭ್ಯಾಸಬಲದಿಂದ ಕನ್ನಡಿ ನೋಡಿದೆ. ಕನ್ನಡಿಯಲ್ಲಿ ಯಾರೂ ಇರಲಿಲ್ಲ, ಏಕೆಂದರೆ ಏಳು ಜನರೂ ಮುಂದೆ ಹೋಗಿದ್ದರು. ಮೊದಲ ತಿರುವಿಗೆ ಇಂಡಿಕೇಟರ್ ಹಾಕೋಣವೆಂದು ಒಂದೊಂದೇ ಗುಂಡಿ ಒತ್ತಿ ಹುಡುಕಿದೆ. ಒಂದು ಗುಂಡಿಗೆ ಹಾರನ್ ಹೊಡೆಯಿತು, ಒಂದಕ್ಕೆ ಕಾರಿನ ಬಾಲದಲ್ಲಿ ಬೆಂಕಿ ಬಂತು, ಇಂಡಿಕೇಟರ್ ಮಾತ್ರ ಬರಲಿಲ್ಲ. ಇಷ್ಟು ದುಬಾರಿ ಕಾರಿಗೆ ಇಂಡಿಕೇಟರ್ ಇಡದವರನ್ನು ಏನೆನ್ನಬೇಕು?

ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದ ಹೆಂಡತಿ ಕನ್ನಡಕದ ಮೇಲಿಂದ ನೋಡಿದಳು. “ರಸ್ತೇಲಿ ಯಾರೂ ಇಲ್ಲ. ಹಾರನ್ ಯಾಕೆ ಹೊಡೀತಿದೀರಿ?”

“ತಿರುವಲ್ಲಿ ಹೊಡೀಬೇಕು.”

“ಎಲ್ರೂ ಮನೆಗೆ ಹೋಗಿ ಊಟ ಮಾಡಿರ್ಬೇಕು ಇಷ್ಟೊತ್ತಿಗೆ.”

ಆಗಲೇ ಪರದೆಯ ತುಂಬ ಕೆಂಪು ಅಕ್ಷರಗಳು ಮಿನುಗತೊಡಗಿದವು. ನಾನು ಉಲ್ಟಾ ದಿಕ್ಕಿನಲ್ಲಿ ಹೋಗುತ್ತಿದ್ದೇನಂತೆ. ಇಷ್ಟು ವರ್ಷ ಈ ಮಾತನ್ನು ಬೇರೆಯವರಿಗೆ ಹೇಳಿಯೇ ಹೊಟ್ಟೆ ಹೊರೆದವನು ನಾನು. ನನಗೆ ಒಬ್ಬರು ಹೇಳಿದ್ದು ಅದೇ ಮೊದಲು. ಎಂಟರಲ್ಲಿ ಎಂಟನೆಯವನಾದೆ. ಆ ಡಿಸ್ಕನ್ನು ಚೀಲದ ತಳಕ್ಕೆ ಹಾಕಿದೆ.

ಫುಟ್‌ಬಾಲ್ ಆಟದಲ್ಲಿ ನನ್ನ ಹನ್ನೊಂದು ಜನ ಬೇರೆ ಬೇರೆ ಊರಿಗೆ ಹೊರಟವರಂತೆ ಓಡಿದರು. ಕೊನೆಗೂ ಒಂದು ಗೋಲು ಬಿತ್ತು. ನಾನು ಕೈ ಎತ್ತಿ ಸಂತೋಷಪಟ್ಟ ಮೇಲೆ ತಿಳಿಯಿತು, ಅದು ನಮ್ಮದೇ ಗೋಲಿನೊಳಗೆ ಬಿದ್ದಿದೆ. ಅದರ ವಿಷಯ ಇಷ್ಟು ಸಾಕು.

ಮೂರನೆಯದು ಗುದ್ದಾಟ. ಇದಕ್ಕೆ ಇಬ್ಬರು ಬೇಕು. ಹೆಂಡತಿಯನ್ನು ಕರೆದೆ. “ನಂಗೆ ಹದಿನಾಲ್ಕು ಬ್ಲೌಸ್ ಬಾಕಿ ಇದೆ” ಎಂದಳು. ಒಂದೇ ಒಂದು ಸಲ ಎಂದು ಗೋಗರೆದ ಮೇಲೆ ಬಂದು ಕೂತಳು. ನಾನು ಬಾಗಿಲಿನಷ್ಟು ಅಗಲದ ಒಬ್ಬ ದಾಂಡಿಗನನ್ನು ಆರಿಸಿಕೊಂಡೆ. ಅವಳು ಬಿಳಿ ಗಡ್ಡದ ಒಬ್ಬ ಮುದುಕನನ್ನು ಆರಿಸಿದಳು, “ಪಾಪ, ಮೂಲೇಲಿ ನಿಂತಿದಾರೆ” ಎಂದು. ನಾನು ಯಾವ ಗುಂಡಿಗೆ ಒದೆ, ಯಾವುದಕ್ಕೆ ಗುದ್ದು ಎಂದು ವಿವರಿಸುತ್ತಿರುವಾಗಲೇ ಅವಳು ಹೊಲಿಗೆ ಮಿಷನ್ ತುಳಿಯುವ ಲಯದಲ್ಲಿ ಟಕಟಕನೆ ಒತ್ತಲು ಶುರು ಮಾಡಿದಳು. ಕೆಳಗೆ ಬಲಗಾಲೂ ನೆಲವನ್ನು ತುಳಿಯುತ್ತಿತ್ತು. ಮುದುಕರು ಗಾಳಿಯಲ್ಲಿ ಹಾರಿ ಬಂದು ನನ್ನ ದಾಂಡಿಗನ ಎದೆಗೆ ಒದ್ದರು. ಅವನು ಏಳುವ ಮೊದಲು ಮತ್ತೊಂದು ಕೊಟ್ಟರು. ಹನ್ನೊಂದು ಸಲ ಆಡಿದೆವು, ಹನ್ನೊಂದು ಸಲವೂ ದಾಂಡಿಗ ಮಲಗಿದ.

“ಏಳಿ, ಊಟಕ್ಕೆ ಬನ್ನಿ” ಎಂದಳು. ನನಗೆ ಹೇಳಿದಳೋ ಅವನಿಗೋ ಗೊತ್ತಾಗಲಿಲ್ಲ.

ಅವತ್ತಿನಿಂದ ಅವಳು ಕೆಲಸದ ನಡುವೆ ಬಂದು ಒಂದೊಂದು ಆಟ ಆಡಿ ಹೋಗುವುದು ರೂಢಿಯಾಯಿತು. ಗುಂಡಿ, ಕಾಜಾ ಮುಗಿಸಿ ಎದ್ದು ಬಂದು, ಐದು ನಿಮಿಷ ನನ್ನನ್ನು ಒದ್ದು, ಮತ್ತೆ ಮಿಷನ್ನಿಗೆ ಹೋಗುತ್ತಿದ್ದಳು.

ಬೇಸಾಯದ ಆಟ ಬಂದದ್ದು ಅವಳ ಅಣ್ಣ ಬಂದಾಗ. ಅವರು ಶಿವನಿಯವರು. ತೋಟ, ಹೊಲ, ಈರುಳ್ಳಿ ಎಲ್ಲ ಇರುವ ಗಟ್ಟಿ ಬೇಸಾಯಗಾರರು. ಹಣೆಯ ವಿಭೂತಿ ಮಾಸುವ ಮೊದಲೇ ಹೊಲಕ್ಕೆ ಹೋಗಿ ಬರುವವರು. ನನ್ನ ಕೈ ನೋಡಲೆಂದು ಬಂದವರು, ನಾನು ಟಿವಿಯಲ್ಲಿ ಹೊಲ ಉಳುತ್ತಿರುವುದನ್ನು ಕಂಡು ಕೈಯನ್ನು ಮರೆತರು.

“ಇದು ಯಾವ ಸೀಮೆ?” ಎಂದರು.

“ಆಟ ಭಾವ.”

“ಆಟ ಸರಿ. ಮಣ್ಣು ಕಪ್ಪೋ ಕೆಂಪೋ?”

ಮಣ್ಣು ಚಾಕೊಲೇಟ್ ಬಣ್ಣದ್ದಾಗಿತ್ತು. ಬಿತ್ತಿದ ಕುಂಬಳ ಆಟದ ಮೂರನೇ ದಿನಕ್ಕೆ ಕಾಯಿ ಬಿಟ್ಟಿತು. ಅವರು ನನ್ನನ್ನೇ ವಂಚಕನೆಂಬಂತೆ ನೋಡಿದರು. ಹಸು ನಗುತ್ತಿತ್ತು. “ಹಸು ಯಾಕೆ ನಗ್ತಿದೆ?” ಎಂದರು. ಹಾಲು ಕರೆದರೆ ಅದರ ತಲೆಯ ಮೇಲೆ ಒಂದು ಪುಟ್ಟ ಹೃದಯ ಮೂಡಿತು. “ನಮ್ಮನೇ ಎಮ್ಮೆಗೆ ಇದನ್ನ ತೋರಿಸ್ಬೇಕು” ಎಂದರು. ಮಳೆ ಬರುತ್ತದೆ ಎಂದು ಆಟವೇ ಹಿಂದಿನ ದಿನ ಹೇಳಿ, ಹೇಳಿದ ಹೊತ್ತಿಗೇ ಮಳೆ ಸುರಿಸಿದಾಗ ಮಾತ್ರ ಅವರಿಗೆ ನಿಜವಾದ ಸಿಟ್ಟು ಬಂತು. ಪಹಣಿ ಇಲ್ಲ, ಖಾತೆ ಇಲ್ಲ, ಸರ್ವೆಯವರು ಬರುವುದಿಲ್ಲ, ಪಕ್ಕದ ಹೊಲದವನು ಬದು ಒತ್ತುವುದಿಲ್ಲ. “ಇದು ಬೇಸಾಯ ಅಲ್ಲ ಕಣಪ್ಪ, ಸ್ವರ್ಗ” ಎಂದು ತೀರ್ಪು ಕೊಟ್ಟರು. ತೀರ್ಪು ಕೊಟ್ಟು ಕಂಟ್ರೋಲರನ್ನು ನನ್ನ ಕೈಯಿಂದ ತೆಗೆದುಕೊಂಡರು.

ಸಂಜೆಯ ರೈಲಿಗೆ ಹೋಗಬೇಕಾದವರು ಎರಡು ದಿನ ಉಳಿದರು. ನನ್ನ ಸಾಲುಗಳು ಸೊಟ್ಟಗಿವೆ ಎಂದು ಎಲ್ಲವನ್ನೂ ಅಗೆದು ಹೊಸದಾಗಿ ನಾಟಿ ಮಾಡಿದರು. ಊರಿಗೆ ಹೋದ ಮೇಲೂ ಬೆಳಿಗ್ಗೆ ಫೋನ್ ಬರುತ್ತಿತ್ತು. “ಕೈ ಹೇಗಿದೆ?” ಎಂದು ಕೇಳಿ, ನಾನು ಉತ್ತರಿಸುವ ಮೊದಲೇ, “ಕುಂಬಳಕ್ಕೆ ನೀರು ಬಿಟ್ರಾ?” ಎನ್ನುತ್ತಿದ್ದರು.

ಒಂದು ಭಾನುವಾರ ತರೀಕೆರೆಯ ಗೆಳೆಯ ಬಂದ. ಚೀಲದಲ್ಲಿದ್ದ ದೆವ್ವದ ಆಟವನ್ನು ನಾನು ಮುಟ್ಟಿರಲಿಲ್ಲ. “ಅಯ್ಯೋ, ಇದಕ್ಕೆ ಹೆದರ್ತೀಯಾ? ಎಲ್ಲಾ ವೈರು, ಚಿಪ್ಪು. ಒಳಗೆ ಏನಿದೆ ಅಂತ ನಂಗೆ ಗೊತ್ತು” ಎಂದು ಅವನೇ ಹಾಕಿದ. ಮಟಮಟ ಮಧ್ಯಾಹ್ನ, ಹೊರಗೆ ಬಿಸಿಲು. ಪರದೆಯ ಮೇಲೆ ಒಬ್ಬ ಮನುಷ್ಯ ಟಾರ್ಚ್ ಹಿಡಿದು ಪಾಳು ಆಸ್ಪತ್ರೆಯೊಂದರ ಬಾಗಿಲು ತೆರೆಯುತ್ತಿದ್ದ. ಅವನನ್ನು ನಡೆಸುತ್ತಿದ್ದವನು ನನ್ನ ಗೆಳೆಯನೇ. ಆದರೂ ಅವನಿಗೇ ಬುದ್ಧಿ ಹೇಳತೊಡಗಿದ: “ನಕ್ಕೋ ಜಾರೇ ಅಂದರ್, ನಕ್ಕೋ ಜಾರೇ.” ಒಳಗೆ ಹೋಗಬೇಡವೋ ಎಂದು ಬೇಡಿಕೊಳ್ಳುತ್ತಲೇ ಹೆಬ್ಬೆರಳಿನಿಂದ ಅವನನ್ನು ಒಳಗೆ ತಳ್ಳುತ್ತಿದ್ದ.

ಸ್ವಲ್ಪ ಹೊತ್ತಿಗೆ, “ಈ ಟಿವೀಲಿ ಸೌಂಡ್ ಜಾಸ್ತಿ ಇದೆ, ಸ್ಪೀಕರ್ ಹಾಳಾಗುತ್ತೆ” ಎಂದು ಸದ್ದನ್ನು ಪೂರ್ತಿ ನಿಲ್ಲಿಸಿದ. ಆಮೇಲೆ, “ಪಿಕ್ಚರ್ ಕಪ್ಪು ಬರ್ತಿದೆ” ಎಂದು ಬೆಳಕು ಏರಿಸಿ ಏರಿಸಿ, ದೆವ್ವದ ಆಸ್ಪತ್ರೆ ಬಟ್ಟೆ ಅಂಗಡಿಯಷ್ಟು ಝಗಮಗಿಸುವ ಹಾಗೆ ಮಾಡಿದ. ಅಷ್ಟರಲ್ಲಿ ಹಿಂದಿನಿಂದ ನನ್ನ ಹೆಂಡತಿ “ಟೀ” ಎಂದಳು. ಕಂಟ್ರೋಲರ್ ದಿವಾನದ ಕೆಳಗೆ ಹೋಯಿತು. ಅವನು ಬಾಗಿ ಅದನ್ನು ತೆಗೆದು, ತಿರುಗಿಸಿ ತಿರುಗಿಸಿ ನೋಡಿ, “ಬೀಳಿಸಿ ಟೆಸ್ಟ್ ಮಾಡಿದೆ. ಗಟ್ಟಿ ಇದೆ” ಎಂದ.

ನನಗೆ ಹಿಡಿಸಿದ್ದು ಇನ್ನೊಂದು ಆಟ. ಅದರಲ್ಲಿ ಒಬ್ಬಳು ಬೆಟ್ಟ ಹತ್ತುತ್ತಾಳೆ, ಅಷ್ಟೇ. ಶತ್ರುವಿಲ್ಲ, ಪಾಯಿಂಟಿಲ್ಲ. ಮಂಜು ಬರುತ್ತದೆ, ಹೋಗುತ್ತದೆ. ಹುಲ್ಲು ಅಲುಗುತ್ತದೆ. ಒಂದು ಜಲಪಾತದ ಮುಂದೆ ನಾನು ಹತ್ತು ನಿಮಿಷ ಸುಮ್ಮನೆ ನಿಂತಿದ್ದೆ. “ಹೆಬ್ಬೆ ಫಾಲ್ಸ್ ತೋರಿಸ್ತೀನಿ ಅಂತ ನೀವು ಹೇಳಿ ಎಷ್ಟ್ ವರ್ಷ ಆಯ್ತು?” ಎಂದು ಮಿಷನ್ನಿನ ಕಡೆಯಿಂದ ಪ್ರಶ್ನೆ ಬಂತು. ಬೆಟ್ಟ ಹತ್ತುವವಳನ್ನು ಮುಂದಕ್ಕೆ ನಡೆಸಿದೆ.

ಚೀಲದಲ್ಲಿ ಕೊನೆಗೆ ಉಳಿದದ್ದು ಲಾರಿ ಓಡಿಸುವ ಆಟ. ಇದರಲ್ಲಿ ರೇಸ್ ಇಲ್ಲ. ನಿಯಮಗಳಿವೆ, ಸಿಗ್ನಲ್ ಇದೆ. ಇಂಡಿಕೇಟರ್ ಕೂಡ ಇತ್ತು. ಅದನ್ನು ಕಂಡು ನನಗೆ ಆನಂದವಾಯಿತು. ಹೆಂಡತಿಗೆ, “ಬಾ ಇಲ್ಲಿ, ಓಡಿಸೋದು ಅಂದ್ರೆ ಹೇಗೆ ಅಂತ ತೋರಿಸ್ತೀನಿ” ಎಂದೆ. ಮರದ ದಿಮ್ಮಿ ತುಂಬಿದ ಲಾರಿಯನ್ನು ನಿಧಾನವಾಗಿ ಹೊರತೆಗೆದು, ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಹೆದ್ದಾರಿಗೆ ಬಂದು, ಎಡಬದಿಗೆ ಸರಿದು, ಎದುರಿಗೆ ಬಂದ ಹಾಲಿನ ಲಾರಿಗೆ ನೇರವಾಗಿ ಗುದ್ದಿದೆ. ಅದು ಬಲಗಡೆ ಓಡಿಸುವ ದೇಶವಂತೆ. ಮತ್ತೆ ಶುರು ಮಾಡಿದೆ. ಬಲ, ಬಲ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಎಡಕ್ಕೆ ಹೋದೆ. ಮೂರನೇ ಸಲಕ್ಕೆ ಪರದೆಯ ಮೇಲೆ ಒಂದು ಪತ್ರ ಬಂತು. ನನ್ನ ಲೈಸೆನ್ಸ್ ಅಮಾನತಾಗಿತ್ತು.

ನಾಪಾಸಾದ ಎಷ್ಟೋ ಜನರಿಗೆ “ಇದೊಂದು ಕಾಗದ ಅಷ್ಟೇ, ಬೇಜಾರು ಮಾಡ್ಕೋಬೇಡಿ” ಎಂದವನು ನಾನು. ಈಗ ಬೇಜಾರಾಯಿತು. ಅದಕ್ಕಿಂತ ಬೇಜಾರಾದದ್ದು, ಹೆಂಡತಿ ಕಂಟ್ರೋಲರ್ ತೆಗೆದುಕೊಂಡು ಆ ದಿಮ್ಮಿಗಳನ್ನು ಒಂದು ಗೀರೂ ಬೀಳದಂತೆ ಮುಟ್ಟಿಸಿದಾಗ.

“ಬಲಗಡೆ ಹೋಗ್ಬೇಕು ಅಂತ ನಿಂಗೆ ಹೇಗೆ ಗೊತ್ತಾಯ್ತು?”

“ಎಲ್ರೂ ಆ ಕಡೆ ಹೋಗ್ತಿದ್ರಲ್ಲ.”

ಮಾರನೆಯ ದಿನದಿಂದ ಅವಳೇ ಪಕ್ಕದಲ್ಲಿ ಕೂತು ನನಗೆ ಕಲಿಸಿದಳು. ಕೈಯಲ್ಲಿ ಯಾರದೋ ಸೀರೆಯ ಫಾಲ್ಸ್ ಇರುತ್ತಿತ್ತು, ಅದಕ್ಕೆ ಟಾಕು ಹಾಕುತ್ತ ನೋಡುತ್ತಿದ್ದಳು. ನಾನು ಒಂದು ವೃತ್ತದಲ್ಲಿ ತಪ್ಪು ದಾರಿ ಹಿಡಿದೆ. ಹೆಗಲು ಬಿಗಿ ಮಾಡಿಕೊಂಡು ಬೈಗುಳಕ್ಕೆ ಕಾದೆ. ಬೈಗುಳ ಬರಲಿಲ್ಲ. ಅವಳು ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ, “ಇನ್ನೊಂದ್ ಸುತ್ತು ಬನ್ನಿ. ನಿಮ್ಮ ಹಿಂದೆ ಯಾರೂ ಕಾಯ್ತಿಲ್ಲ” ಎಂದಳು.

ಆ ಸುತ್ತು ಸರಿಯಾಯಿತು. ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ, “ನಾನು ಕಲಿಸುವಾಗ ಕೂಗ್ತೀನಾ?”

“ಗ್ರೌಂಡಲ್ಲಿ ನೀವು ಕೂಗಿದ್ರೆ ಇಲ್ಲಿ ಮಿಷನ್ ಸದ್ದಲ್ಲೂ ನಂಗೆ ಕೇಳ್ಸುತ್ತೆ” ಎಂದಳು. ತಲೆ ಎತ್ತದೆ, “ನಂಗೆ ಕಲಿಸ್ದಾಗ್ಲೂ ಹಾಗೇ ಇತ್ತು” ಎಂದು ಸೇರಿಸಿದಳು.

ನಾನು ಮರೆತಿದ್ದೆ, ಅಥವಾ ಮರೆತ ಹಾಗೆ ಇದ್ದೆ. ಮದುವೆಯಾದ ಹೊಸತರಲ್ಲಿ ಅವಳಿಗೆ ಕಾರು ಕಲಿಸಲು ಬೀರೂರು ರಸ್ತೆಗೆ ಕರೆದುಕೊಂಡು ಹೋಗಿದ್ದೆ. ಕ್ಲಚ್ಚು, ಕ್ಲಚ್ಚು ಎಂದು ನಾನು ಕೂಗಿದ ಕೂಗಿಗೆ ಅವಳು ಕಾರನ್ನು ಅಲ್ಲೇ ನಿಲ್ಲಿಸಿ, ಇಳಿದು, ಬಂದ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿ ಕೂತಳು. ನಾನು ಕಾರಿನಲ್ಲಿ ಆ ಬಸ್ಸಿನ ಹಿಂದೆಯೇ ಮನೆಗೆ ಬಂದೆ. ಆಮೇಲೆ ಅವಳು ಸ್ಟೀರಿಂಗ್ ಮುಟ್ಟಲಿಲ್ಲ. ಡ್ರೈವಿಂಗ್ ಮೇಷ್ಟರ ಹೆಂಡತಿಗೆ ಡ್ರೈವಿಂಗ್ ಬರುವುದಿಲ್ಲ ಎಂದು ಜನ ತಮಾಷೆ ಮಾಡಿದಾಗ ನಾನೂ ಅವರ ಜೊತೆ ನಕ್ಕಿದ್ದೆ.

ಡಾಕ್ಟರಮ್ಮ ಕೈ ಪರೀಕ್ಷಿಸಿ, ಬೆರಳುಗಳು ತುಂಬ ಚುರುಕಾಗಿವೆ, ಚೆಂಡನ್ನು ಶ್ರದ್ಧೆಯಿಂದ ಹಿಸುಕಿದ್ದೀರಿ ಎಂದು ಹೊಗಳಿದರು. ನಾನು ವಿನಯದಿಂದ ಒಪ್ಪಿಕೊಂಡೆ. ಶಾಲೆ ಮತ್ತೆ ತೆರೆಯಲು ಎರಡು ದಿನ ಇತ್ತು. ಆಗ ಹೆಂಡತಿ, “ಸೋಮವಾರದಿಂದ ನಾನು ಕಾರು ಕಲೀತೀನಿ” ಎಂದಳು.

“ಸಂತೋಷ. ಬೆಳಿಗ್ಗೆ ಆರಕ್ಕೆ ಬಾ.”

“ನಿಮ್ಮ ಹತ್ರ ಅಲ್ಲ. ಊರಲ್ಲಿ ಹೊಸದಾಗಿ ಇನ್ನೊಂದು ಡ್ರೈವಿಂಗ್ ಶಾಲೆ ಆಗಿದೆಯಲ್ಲ, ಅಲ್ಲಿ ಮೇಡಂ ಒಬ್ರು ಹೇಳ್ಕೊಡ್ತಾರಂತೆ. ಕೇಳ್ಕೊಂಡ್ ಬಂದಿದೀನಿ.”

ನನ್ನ ಹೆಂಡತಿ ಇನ್ನೊಬ್ಬರ ‘ಎಲ್’ ಬೋರ್ಡಿನ ಕೆಳಗೆ ಕೂತು ಹಾಲಿನ ಅಂಗಡಿಯ ಮುಂದೆ ಹೋಗುವ ದೃಶ್ಯ ಕಣ್ಣಿಗೆ ಬಂತು. ಅರ್ಧ ಗಂಟೆ ಬೇಡಿಕೊಂಡೆ. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದಳು: ಅವಳಾಗಿ ಕೇಳುವವರೆಗೆ ನಾನು ಬಾಯಿ ತೆರೆಯಕೂಡದು.

ಇದು ಮಣಿಕಟ್ಟಿನ ನೋವಿಗಿಂತ ಕಷ್ಟವಾಗಿತ್ತು. ಒಂದು ದೊಡ್ಡ ಕಲ್ಲುಸಕ್ಕರೆ ಬಾಯಲ್ಲಿಟ್ಟುಕೊಂಡು ಕೂರುತ್ತಿದ್ದೆ. ಮೊದಲ ದಿನ ಒಂಬತ್ತು ಸಲ ಕಾರು ಬಂದ್ ಆಯಿತು, ನಾನು ಮೂರು ಕಲ್ಲುಸಕ್ಕರೆ ಮುಗಿಸಿದೆ. ನಾಲ್ಕನೇ ದಿನ ಅವಳೇ, “ಈಗ ಏನ್ ತಪ್ಪಾಯ್ತು?” ಎಂದು ಕೇಳಿದಳು. ಹೇಳಿದೆ. ಮೆಲ್ಲಗೆ ಹೇಳಲು ನನಗೂ ಬರುತ್ತದೆ ಎಂದು ಗೊತ್ತಾಯಿತು. ಇತರ ಶಿಷ್ಯರಿಗೆ ಇದು ವಿಚಿತ್ರವಾಗಿ ಕಂಡಿರಬೇಕು. ಬ್ಯಾಂಕಿನ ಒಬ್ಬರು ಮನೆಗೇ ಬಂದು, “ಮೇಷ್ಟ್ರಿಗೆ ಹುಷಾರಿಲ್ವಾ? ಬೈತಾನೇ ಇಲ್ವಲ್ಲ” ಎಂದು ಅವಳನ್ನು ವಿಚಾರಿಸಿಕೊಂಡು ಹೋದರು.

ಪರೀಕ್ಷೆಯಲ್ಲಿ ಅವಳು ಮೊದಲ ಸಲಕ್ಕೇ ಪಾಸಾದಳು. ತರೀಕೆರೆಗೆ ಫೋನ್ ಮಾಡಿ ಹೇಳಿದೆ. ಗೆಳೆಯ, “ಯಾರ್ ಹತ್ರ ಕಲ್ತಿದ್ದು?” ಎಂದ.

“ನನ್ ಹತ್ರಾನೇ.”

“ಸುಳ್ ಹೇಳ್ಬೇಡ” ಎಂದು ಫೋನ್ ಇಟ್ಟ.

ಕಳೆದ ತಿಂಗಳು ಅವಳ ಅಣ್ಣನ ಮನೆಗೆ ಹೋಗುವುದಿತ್ತು. ಯಾವತ್ತೂ ರೈಲಿಗೆ ಹೋಗುವವರು ಈ ಸಲ ಕಾರಿನಲ್ಲಿ ಹೊರಟೆವು. ‘ಎಲ್’ ಬೋರ್ಡನ್ನು ಅವಳೇ ಬಿಚ್ಚಿ ಜಗಲಿಯ ಮೇಲಿಟ್ಟಳು. ಬೀರೂರಿನ ಸಂದಣಿಯಲ್ಲಿ ಒಂದು ಎತ್ತಿನ ಗಾಡಿ, ಎರಡು ಆಟೋ, ಮೈಮೇಲೆ ಬರುವಂತೆ ಬಂದ ಒಂದು ಬಸ್ಸು, ಎಲ್ಲಕ್ಕೂ ಸಮಾಧಾನದಿಂದ ದಾರಿ ಕೊಟ್ಟಳು. ರೈಲ್ವೆ ಗೇಟು ಬಿದ್ದಾಗ ಇಂಜಿನ್ ಆರಿಸಿ, ಹೂವು ಸರಿಮಾಡಿಕೊಂಡಳು. ನನ್ನ ಕಾಲು ಮಾತ್ರ ದಾರಿಯುದ್ದಕ್ಕೂ ಎಡಗಡೆಯ ಬ್ರೇಕಿನ ಮೇಲೆಯೇ ಸುಳಿಯುತ್ತಿತ್ತು.

“ಕಾಲು ತೆಗೀರಿ” ಎಂದಳು, ರಸ್ತೆಯಿಂದ ಕಣ್ಣು ಕೀಳದೆ.

ತೆಗೆದೆ. ಅಜ್ಜಂಪುರ ಹತ್ತಿರ ಬಂದಾಗ ರಸ್ತೆ ಬದಿಯ ಹೋಟೆಲೊಂದರ ಮುಂದೆ ನಿಲ್ಲಿಸಿದಳು. ಮೆಣಸಿನಕಾಯಿ ಬಜ್ಜಿ ಬಿಸಿಬಿಸಿ ಬಂತು. ನಾನು ತಿನ್ನುತ್ತ ಕಾರಿನ ಕಡೆ ನೋಡಿದೆ. ಹಿಂದಿನ ಚಕ್ರ ಇನ್ನೊಂದು ಅಡಿ ಒಳಗೆ ಬರಬಹುದಿತ್ತು.

“ಕೇಳ್ಲಾ, ಹೇಗ್ ಓಡಿಸ್ದೆ ಅಂತ?” ಎಂದಳು.

“ಚೆನ್ನಾಗಿ ಓಡಿಸ್ದೆ. ಆದ್ರೆ ನಿಲ್ಸುವಾಗ ಹಿಂದಿನ ಚಕ್ರ…”

“ಇನ್ನೊಂದ್ ಬಜ್ಜಿ ತಗೊಳ್ಳಿ” ಎಂದು ತಟ್ಟೆಯನ್ನು ನನ್ನ ಕಡೆ ಸರಿಸಿದಳು. ನಾನು ತಗೊಂಡೆ.